ನೀರುನಾಯಿ

ಬೂಸಾನಿನ ಮೀನುಕಟ್ಟೆಯಲ್ಲಿ, ಬೆಳಗಿನ ಜಾವ,
ಹರಾಜಿನ ಗಂಟೆಗೂ ಮೊದಲೇ
ಬಂಗುಡೆಯ ಮೇಲೆ ಮಂಜುಗಡ್ಡೆ ಸುರಿಯುವವನು ನಾನು.
ಮಾಲ್‌ಸುನ್ ಅಕ್ಕನದು ಹಾವುಮೀನು ಸುಲಿಯುವ ಕೆಲಸ:
ತಲೆಗೊಂದು ಮೊಳೆ, ಕೊರಳ ಸುತ್ತ ಒಂದು ಗೀರು,
ಅಂಗಿ ಕಳಚಿದ ಹಾಗೆ ಚರ್ಮ.
ಮೂವತ್ತೊಂದು ವರ್ಷ. ಬಲಗೈ ಹೆಬ್ಬೆರಳು
ಚಾಕು ಕೆಳಗಿಟ್ಟ ಮೇಲೂ ಮಡಚಿಯೇ ಇರುತ್ತದೆ.

ನೀರುನಾಯಿಯನ್ನು ಅವಳಿಗೆ ತೋರಿಸಿದ್ದು ನಾನೇ.
ಅಂಗಾತ ತೇಲುತ್ತ, ಹೊಟ್ಟೆಯ ಮೇಲೊಂದು ಚಿಪ್ಪಿಟ್ಟುಕೊಂಡು
ಕಣ್ಣು ಮಿಟುಕಿಸುವ ನಾಣ್ಯ.
"ನಾಯಿಗಳ ಕಾಲ ಆಯ್ತಕ್ಕಾ, ಕಪ್ಪೆಗಳದೂ ಆಯ್ತು,
ಇನ್ನು ಇದರದು."
"ಏನು ಮಾಡುತ್ತದೆ ಇದು?"
"ಏನೂ ಮಾಡುವುದಿಲ್ಲ."
ನಕ್ಕಳು, ಬಾಯಿಗೆ ಕೈ ಅಡ್ಡ ಹಿಡಿಯದೆ:
"ಏನೂ ಮಾಡದೆ ಬಿದ್ದುಕೊಂಡವರ ಹತ್ತಿರಕ್ಕೇ ಅಲ್ಲವೇನೋ
ದುಡ್ಡು ಈಜಿಕೊಂಡು ಬರುವುದು!"

ಒಂದು ವಾನಿಗೆ ನೂರೆಂಟು ನೀರುನಾಯಿ.
ಮೊಣಕಾಲಿನ ಆಪರೇಷನ್ನಿಗೆಂದು ಎತ್ತಿಟ್ಟ ಮೂವತ್ತು ಲಕ್ಷ
ಮೂವತ್ತೆರಡು ಕೋಟಿ ತಲೆಗಳಾಯಿತು.
"ಇಷ್ಟು ದೊಡ್ಡ ಮಂದೆಯನ್ನು ಎಲ್ಲಿ ಕಟ್ಟಲಿ?"

ಗುರುವಾರ ಮೂರು ಪಟ್ಟು. ಭಾನುವಾರ ಹನ್ನೊಂದು.
ಸಾರಿನಂಗಡಿಯ ಪ್ಯೋ ಗಿಟೆ ಸ್ಕೂಟರ್ ಮಾರಿ ಕೊಂಡ,
ನಡೆದೇ ಬಂದ, ಶಿಳ್ಳೆ ಹಾಕುತ್ತ.
ದುರಾಸೆ ಎನ್ನುವವರು ಎನ್ನಲಿ.
ಆ ಹತ್ತು ದಿನ ಅಕ್ಕ ಹಾವುಮೀನುಗಳ ಕ್ಷಮೆ ಕೇಳಿ ಸುಲಿದಳು:
"ನೀವೇ ಕೊನೆಯವರು, ಸ್ವಲ್ಪ ಸೈರಿಸಿ."
ಮಂಗಳವಾರ ರಜೆ ಹಾಕಿ
ಕಡಲು ಕಾಣುವ, ಕಡಲಿನ ವಾಸನೆ ಬಾರದ
ಇಪ್ಪತ್ತಮೂರನೆಯ ಮಹಡಿಯ ಮಾದರಿ ಮನೆ ನೋಡಲು ಹೋದಳಂತೆ.
ಚಪ್ಪಲಿ ಬಿಟ್ಟು ಒಳಗೆ ಬಂದು
ಬೆಚ್ಚನೆಯ ನೆಲದ ಮೇಲೆ ಅಂಗಾತ ಮಲಗಿಬಿಟ್ಟಳಂತೆ,
ಕೈಚೀಲವನ್ನು ಹೊಟ್ಟೆಯ ಮೇಲಿಟ್ಟುಕೊಂಡು.
ಮಾರಾಟದ ಹುಡುಗಿ ಏಳಿ ಎನ್ನಲಿಲ್ಲ.

ಮೀನು ಕೆಟ್ಟರೆ ಕಣ್ಣು ಹೇಳುತ್ತದೆ,
ಕಿವಿರು ಹೇಳುತ್ತದೆ,
ಮೂಗಿಗಂತೂ ಯಾರೂ ಹೇಳಬೇಕಿಲ್ಲ.
ನಾಣ್ಯ ಕೆಟ್ಟರೆ
ಒಂದು ನೊಣವೂ ಬರುವುದಿಲ್ಲ.

ಹನ್ನೊಂದನೆಯ ರಾತ್ರಿ ಪರದೆಯ ಮೇಲೆ ಹನ್ನೆರಡು ಕೋಟಿ ವಾನ್.
ಮಾರು ಎಂದು ಒತ್ತಿದಳು.
ಬೆರಳು ಒದ್ದೆಯಿತ್ತು, ಏಪ್ರನ್ನಿಗೆ ಒರೆಸಿ ಮತ್ತೆ ಒತ್ತಿದಳು.
ನನ್ನನ್ನು ಕರೆದಳು. ನಾನೂ ಒತ್ತಿದೆ.
ನಮ್ಮ ಕಟ್ಟೆಯಲ್ಲಿ ಬೆಲೆ ಎಂದರೆ ಎತ್ತಿದ ಒಂದು ಬೆರಳು,
ಬೆರಳಿನ ಹಿಂದೆ ನಿದ್ದೆಗೆಟ್ಟ ಒಬ್ಬ ಮನುಷ್ಯ.
ಇಲ್ಲಿ ಬೆಲೆ ಇತ್ತು,
ಬೆರಳಿರಲಿಲ್ಲ.
ಅವಳ ಮಂದೆಯ ನೂರರಲ್ಲೊಂದು ಪಾಲು ಇಳಿಯುವಷ್ಟರಲ್ಲಿ
ಕೊಳದ ತಳ ಕಂಡಿತು.
ಬೆಳಕು ಹರಿಯುವಾಗ ಉಳಿದದ್ದು
ಒಂದು ಲೋಟ ಬಿಸಿ ಮೀನುರೊಟ್ಟಿಯಷ್ಟು.

ಹೇಳದೆ ಉಳಿಸಿಕೊಂಡದ್ದು ಇಷ್ಟು:
ಒಂಬತ್ತನೆಯ ದಿನ, ನಾಲ್ಕು ಗಂಟೆ ಹತ್ತು ನಿಮಿಷಕ್ಕೆ
ನಾನು ನನ್ನದನ್ನೆಲ್ಲ ಮಾರಿದೆ.
ಐಸ್ ಲಾರಿಯ ಹಿಂದೆ ನಿಂತು, ಒಂದೇ ಉಸಿರಿಗೆ.
ಆ ಕ್ಷಣ ಎಲ್ಲೋ ಒಂದು ಬೆರಳು ಎತ್ತಿತ್ತು.
ಅರ್ಧ ಗಂಟೆಯ ಮೇಲೆ ಅಕ್ಕ ಬಂದು ಪಿಸುಗುಟ್ಟಿದಳು,
ಮಗನ ಮೊದಲ ಹುಟ್ಟುಹಬ್ಬಕ್ಕೆ ನೆಂಟರು ತೊಡಿಸಿದ
ಮೂರು ಚಿನ್ನದುಂಗುರ ನಿನ್ನೆ ಮಾರಿದ್ದಳಂತೆ:
"ಈಗಷ್ಟೇ ಇನ್ನೊಂದಿಷ್ಟು ಸಿಕ್ಕಿತು ಕಣೋ.
ಯಾರೋ ಮೂರ್ಖ ಮಾರಿಕೊಂಡ."

ಅವಳೇ ಎಂದು ಹೇಗೆ ಹೇಳಲಿ? ಸಾವಿರ ಜನರಿದ್ದರು.
ಅವಳಲ್ಲ ಎಂದೂ ಹೇಗೆ ಹೇಳಲಿ?

ಅಕ್ಕ ಮತ್ತೆ ಸ್ಟೂಲಿನ ಮೇಲೆ, ಮೊಣಕಾಲು ಚಾಚಿಕೊಂಡು.
ಉಳಿದ ನೀರುನಾಯಿಗಳನ್ನು ಮಾರಿಲ್ಲ.
"ಇರಲಿ ಬಿಡು, ಮಲಗಿವೆ ಪಾಪ."
ಹಾವುಮೀನುಗಳ ಜೊತೆ ಈಗ ಮಾತಿಲ್ಲ.
ನಾನು ಮಂಜುಗಡ್ಡೆ ಸುರಿಯುತ್ತೇನೆ.
ನೀರು ಪಾದಕ್ಕೆ ಬರುತ್ತದೆ, ಒಳಗೆ ಇಳಿಯುವುದಿಲ್ಲ.
"ಒಳ್ಳೆಯ ಬೂಟು" ಅನ್ನುತ್ತಾಳೆ ಅವಳು,
ಚಾಕು ನಿಲ್ಲಿಸದೆ,
"ಎಷ್ಟು ಕೊಟ್ಟೆ?"