ಒಂದು ಕಿವಿ ಕಡಿಮೆ

ಸಭಾಂಗಣದ ಹಿಂಬದಿಗೆ ಗಾಜಿನ ಗೂಡು.
ಅದರೊಳಗೆ ನಾನು, ವಿಜ್ದಾನ್, ಬಸ್ರಾದವಳು,
ಒಂದು ಲೋಟ ನೀರು, ಎರಡು ಪೆನ್ಸಿಲು,
ಕೆಮ್ಮು ಬಂದರೆ ಒತ್ತಲು ಒಂದು ಕೆಂಪು ಗುಂಡಿ.
ಎಲುಬಿಲ್ಲದ ನಾಲಗೆಗೆ
ಗಂಟೆಗಿಷ್ಟು ಎಂದು ಬಾಡಿಗೆ.

ಗೋಥೆನ್‌ಬರ್ಗಿನಲ್ಲಿ ನವೆಂಬರು. ಮೂರೂವರೆಗೇ ಕತ್ತಲು.
ಗುರುವಾರ ಗುರುವಾರ ವಿಶ್ವವಿದ್ಯಾಲಯ
ಊರಿಗೆ ಬಾಗಿಲು ತೆರೆಯುತ್ತದೆ:
ಹೋದ ವಾರ ಅಂದಲೂಸಿನ ತೋಟಗಳು,
ಅದರ ಹಿಂದಿನ ವಾರ ತೈಲ ಮತ್ತು ಸಂವಿಧಾನ,
ಈ ವಾರ ಮೋಸುಲ್, ಬಿದ್ದ ಮನೆಗಳನ್ನು ಕಟ್ಟುವವರು ಯಾರು?
ಪ್ರವೇಶ ಉಚಿತ. ಕಾಫಿ, ಏಲಕ್ಕಿ ಬನ್ನು.
ನಲವತ್ತೊಂದು ಹೆಡ್‌ಫೋನು ಹಂಚಿದ್ದೇವೆ.

ವೇದಿಕೆಯ ಮೇಲೆ ಧನ್ನೂನ್ ಉಸ್ತಾ,
ಹಾಲುಗಲ್ಲು ಕೆತ್ತುವವನು.
ಇಬ್ಬರು ಪ್ರೊಫೆಸರುಗಳ ನಡುವೆ
ಬೇರೆ ಯಾರದೋ ಹೆಗಲನ್ನು ಕೋಟಿನೊಳಗೆ ಇಟ್ಟುಕೊಂಡಂತೆ ಕೂತಿದ್ದಾನೆ.
ಅವನ ಊರಿನವರ ಅರಬ್ಬಿಯಲ್ಲಿ 'ರ'ಕಾರ
ನಾಲಗೆಯ ತುದಿಗೆ ಬರುವುದಿಲ್ಲ,
ಗಂಟಲಲ್ಲೇ ನಿಂತು ಬಾಯಿ ಮುಕ್ಕಳಿಸುತ್ತದೆ.
ಬಸ್ರಾದಲ್ಲಿ ನಾವು ಅದನ್ನು ಅಣಕಿಸಿ ನಗುತ್ತಿದ್ದೆವು.
ನಾನೂ ನಕ್ಕಿದ್ದೇನೆ, ಮದುವೆಮನೆಯಲ್ಲಿ, ತಟ್ಟೆಯಲ್ಲಿ ಮೀನಿಟ್ಟುಕೊಂಡು.

ಈ ಕಸುಬಿನ ಮೊದಲ ನಿಯಮ:
'ಅವನು ಹೇಳುತ್ತಾನೆ' ಎನ್ನಕೂಡದು.
ಅವನು 'ನಾನು' ಎಂದರೆ ನಾನೂ 'ನಾನು'.
ಹಾಗಾಗಿ ನಾನು
ಹನ್ನೊಂದನೇ ವಯಸ್ಸಿಗೆ ಉಳಿ ಹಿಡಿದೆ.
ಮೊದಲು ಕೆತ್ತಿದ ದಾಳಿಂಬೆ ಬದನೆಕಾಯಿಯಂತಿತ್ತು,
ಅಪ್ಪ ಕಿವಿ ಹಿಂಡಿದ.
ನನಗೆ ಮೀಸೆ ಬಂತು.
ನನ್ನ ಮನೆಯಂಗಳಕ್ಕೆ ಏಳು ಕಮಾನು ಕಟ್ಟಿದೆ,
ಏಳನೆಯದು ಸೊಟ್ಟ.
ಆಮೇಲೆ ಆ ಮೂರು ವರ್ಷ. ಆಮೇಲೆ ವಿಮಾನಗಳು.
ತಿರುಗಿ ಹೋದಾಗ ನನ್ನ ಬೀದಿಯೇ ಇರಲಿಲ್ಲ,
ಸೊಟ್ಟ ಕಲ್ಲೊಂದರಿಂದ
ಮನೆಯ ಗುರುತು ಹಿಡಿದೆ.

ಸ್ವೀಡಿಶ್‌ನಲ್ಲಿ ಸೊಟ್ಟಕ್ಕೆ ನಾನು ಬಲ್ಲ ಪದ ನಾಲ್ಕು.
ನಾಲ್ಕರಲ್ಲೂ ಅಕ್ಕರೆಯಿಲ್ಲ.

ಪ್ರಶ್ನೋತ್ತರ. ಮೂರನೇ ಸಾಲಿನ ಯಜಮಾನ ಎದ್ದ.
ಕೇಳಿದ್ದು ಪ್ರಶ್ನೆಯಲ್ಲ, ದೇಶಾಟನೆ:
ಒಟ್ಟೊಮಾನರು, ರೈಲುದಾರಿ, ಗಡಿಗಳು, ಪಂಥಗಳು,
ಎಪ್ಪತ್ತೆರಡರಲ್ಲಿ ತಾನು ಬಾಗ್ದಾದಿನಲ್ಲಿ ತಿಂದ ಕಬಾಬು,
ಕೊನೆಗೆ, 'ಅಂದರೆ, ಇದಕ್ಕೆಲ್ಲ ಧರ್ಮವೇ ಮೂಲ, ಅಲ್ಲವೆ?'
ಆ ನಾಲ್ಕು ನಿಮಿಷವನ್ನು ಹಿಂಡಿ
ಉಸ್ತಾನ ಕಿವಿಗೆ ಒಂದೇ ಸಾಲು ಬಿಟ್ಟೆ:
'ಮನೆ ಯಾಕೆ ಬಿತ್ತು ಅಂತ ಕೇಳುತ್ತಿದ್ದಾರೆ.'
ತಪ್ಪು. ಕೆಲಸ ಹೋಗುವಂಥ ತಪ್ಪು.

ಉಸ್ತಾ ಮೈಕಿಗೆ ಬಾಗಿದ.
ತೆರೆದ ಬಾಯಿ ತೆರೆದೇ ಇತ್ತು.
ಮೇಜಿನಂಚನ್ನು ಹೆಬ್ಬೆರಳಿಂದ ಸವರಿದ,
ಯಾವ ಮರವೆಂದು ನೋಡುವವನ ಹಾಗೆ.
ಹತ್ತು ಸೆಕೆಂಡು. ಇಪ್ಪತ್ತು.
ಜನ ಹೆಡ್‌ಫೋನು ತಟ್ಟಿಕೊಂಡರು, ಗುಂಡಿ ತಿರುವಿದರು,
ಹಿಂದೆ ತಿರುಗಿ ನನ್ನತ್ತ ಹುಬ್ಬು ಹಾರಿಸಿದರು.
ಗಾಜಿನಾಚೆಗೆ ಕೈಯಾಡಿಸಿದೆ:
ಕೆಟ್ಟಿಲ್ಲ. ಅವನು ಮಾತಾಡುತ್ತಿರುವುದೇ ಹೀಗೆ.
ಕೆಂಪು ಗುಂಡಿ ಒತ್ತಲಿಲ್ಲ,
ನನ್ನ ಉಸಿರು ಅವರಿಗೆ ಕೇಳಿಸಿರಬೇಕು.

ಆಮೇಲೆ ಅಂದ: 'ಗಾರೆ ಒಣಗಲು ಬಿಡಬೇಕು.
ಈಗ ಕಟ್ಟಲು ಬಂದವರಿಗೆ ಬಹಳ ಅವಸರ.'
ನಾನೂ ಅಷ್ಟೇ ಅಂದೆ.
ಯಜಮಾನ ಬರೆದುಕೊಂಡ.

ಚಪ್ಪಾಳೆ. ಟ್ರಾಮು ಹಿಡಿಯುವ ಗಡಿಬಿಡಿ.
ವಿಭಾಗದ ಗುನ್‌ವೋರ್ ಉಸ್ತಾನಿಗೆ ಚೀಲವೊಂದು ಕೊಟ್ಟಳು,
ಒಳಗೆ ಛತ್ರಿ, ಪೆನ್ನು, ವಿಶ್ವವಿದ್ಯಾಲಯದ ಮುದ್ರೆ.
ಅವನು ಗೂಡಿನ ಬಳಿ ಬಂದು ಮೊದಲ ಸಲ ನನ್ನ ಮುಖ ನೋಡಿದ.
'ಬಸ್ರಾದವಳಾ?'
'ಹೌದು.'
'ಹಾಗಾದರೆ ನನ್ನ ರಕಾರವನ್ನು ಏನು ಮಾಡಿದೆ?'
'ಸರಿ ಮಾಡಿಬಿಟ್ಟೆ' ಅಂದೆ, ನಾಚಿಕೊಂಡು.
'ಅಯ್ಯೋ ಮಗಳೇ,
ಇದ್ದೊಂದು ಸೊಟ್ಟನ್ನೂ ತೆಗೆದುಬಿಟ್ಟೆಯಾ!'

ಎಲ್ಲ ಹೋದ ಮೇಲೆ ಪೆಟ್ಟಿಗೆಗೆ ತುಂಬುತ್ತ ಎಣಿಸಿದೆ: ನಲವತ್ತು.
ಬಾಗಿಲು ಕಾಯುವ ಎರ್ಲಂಡ್ ಮತ್ತೆ ಎಣಿಸಿದ. ನಲವತ್ತೇ.
ಯಾರೋ ಕಿವಿಯಲ್ಲಿಟ್ಟುಕೊಂಡೇ ಹೊರಟಿದ್ದಾರೆ
ಒದ್ದೆ ರಸ್ತೆಯಲ್ಲಿ, ಟೋಪಿಯ ಕೆಳಗೆ.

ಮೈಕು ಇನ್ನೂ ಆರಿಸಿರಲಿಲ್ಲ.
ಗೂಡಿಗೆ ಮರಳಿ, ಎರ್ಲಂಡ್ ಅತ್ತ ತಿರುಗಲಿ ಎಂದು ಕಾದು,
ಗಂಟಲಲ್ಲೇ ಒಂದು 'ರ' ಅಂದೆ.
ಬರಲಿಲ್ಲ.
ನೀರು ಕುಡಿದು
ಇನ್ನೊಮ್ಮೆ.