ಎರಡನೇ ಕರಡು

ಭಾನುವಾರ ಶಿಡ್ಲಘಟ್ಟದ ಕಾಲೇಜಿಗೆ ಬೀಗ.
ಜವಾನರ ಕೋಣೆಯಲ್ಲಿ ನಾವು ನಾಲ್ವರು, ಅಫ್ಸಾನಾ ಮೇಡಂ,
ಒಡಕು ಹಲಗೆಯ ತುಂಬ ಎಪ್ಸಿಲಾನ್.
"ಎದುರಿನವನು ಎಷ್ಟು ಚಿಕ್ಕದು ಕೇಳಿದರೂ
ನಿನ್ನ ಹತ್ತಿರ ಉತ್ತರ ಇರಬೇಕು" ಅಂತಾರೆ.
ಗೂಡಿನ ಮಾರ್ಕೆಟ್ಟಿನ ಚೌಕಾಸಿ, ಎಂದು ಮುನಿಕೃಷ್ಣ ನಗುತ್ತಾನೆ.

ಪಿಎಚ್‌ಡಿ ಅರ್ಜಿಗೆ ನಾನು ಬರೆದದ್ದು
ಅಮ್ಮನ ಬೆರಳು.
ಬಿಸಿನೀರಲ್ಲಿ ಎಳೆಯ ತುದಿ ಹುಡುಕಿ ಹುಡುಕಿ
ಬೆಂದು, ಗೆರೆ ಅಳಿಸಿ,
ರೇಷನ್ ಅಂಗಡಿಯ ಯಂತ್ರ ಗುರುತಿಸದ ಹೆಬ್ಬೆರಳು.
ಎರಡು ಪುಟ. ಬರೆಯುತ್ತ ಅತ್ತಿದ್ದೆ ಕೂಡ.

ಮೇಡಂ ಕೆಂಪು ಪೆನ್ನಲ್ಲಿ ಹೊಡೆದುಹಾಕಿದರು.
"ಕಣ್ಣೀರು ಓದಿ ಮಡಚಿಡ್ತಾರೆ, ಗಂಗರತ್ನ.
ಪ್ರಶ್ನೆ ಎಲ್ಲಿ?"

ಒಂದು ವಾರ ಅವರ ಜೊತೆ ಮಾತಾಡಲಿಲ್ಲ.
ಲೆಕ್ಕ ಮಾತ್ರ ಮಾಡಿದೆ.

ಆಮೇಲೆ ಬರೆದೆ:
ರೇಷ್ಮೆಯ ದರ ಇಮ್ಮಡಿಯಾದ ವರ್ಷವೂ
ನೂಲು ತೆಗೆಯುವವಳ ಕೂಲಿ
ಇದ್ದಲ್ಲೇ ಯಾಕಿರುತ್ತದೆ?

ರಾತ್ರಿ ಅಮ್ಮನಿಗೆ ಓದಿ ಹೇಳಿದೆ.
ಮುದ್ದೆ ತಿರುವುವ ಕೋಲು ನಿಂತಿತು.
"ಇದನ್ನ ಕೇಳಕ್ಕೆ ಐದು ವರ್ಷ ಓದ್ಬೇಕಾ?
ನಾನೂ ಒಂದ್ಸಲ ಕೇಳಿದ್ದೆ ಕಣೆ, ಯಜಮಾನನ್ನ.
ಮೂರು ದಿನ ಕೆಲ್ಸಕ್ಕೆ ಬರಬೇಡ ಅಂದ."

ಕೋಲು ಮತ್ತೆ ತಿರುಗಿತು.
"ಆ ಮೂರು ದಿನಾನೂ ಬರ್ಕೊ."