ಬೇಲಿ ಎಂದರೆ ನಾನೇ

ಇಲ್ಲಿ ಮುಳ್ಳುತಂತಿ ಇಲ್ಲ.
ಗುಡ್ಡದ ಬೆನ್ನುದ್ದಕ್ಕೂ ಏಳು ಕಲ್ಲುಗುಪ್ಪೆ,
ಸೊಂಟದೆತ್ತರ, ನೆತ್ತಿಗೊಂದು ಬಿಳಿಕಲ್ಲು.
ಇದರಾಚೆ ಬಾಯಿ ಹಾಕುವಂತಿಲ್ಲ ಎಂದು
ಊರ ಮುಖ್ಯಸ್ಥೆ ಅಕ್ಟೋಬರಿನಲ್ಲೇ ಕೂಗಿಸಿದ್ದಾಳೆ.
ಕಲ್ಲನ್ನು ಓದಲಾರದ ದನಗಳಿಗೆ
ಓದಿ ಹೇಳುವ ಕೆಲಸ ನನ್ನದು.
ತಿಂಗಳಿಗೆ ಒಂದು ಮೂಟೆ ಮೆಕ್ಕೆಜೋಳದ ಹಿಟ್ಟು,
ಒಂದು ಟಾರ್ಚು. ಬ್ಯಾಟರಿ ನಾನೇ ಕೊಳ್ಳಬೇಕು.

ಲೆಸೊಥೊದ ಈ ಎತ್ತರದಲ್ಲಿ
ಮುಚ್ಚಿದ ಗುಡ್ಡ ಹಸಿ ಬಾಣಂತಿ.
ಗಾಳಿಗೂ ಮೆಲ್ಲಗೆ ಹೋಗು ಅನ್ನಬೇಕು.
ಬೇಸಿಗೆ ಪೂರ್ತಿ ಹಿಂಡುಗಳೆಲ್ಲ ಮೇಲಿನ ದೊಡ್ಡಿಗಳಲ್ಲಿ,
ಅರ್ಧ ದಿನದ ಏರು; ಹುಡುಗರು, ನಾಯಿಗಳು, ಮಂಜು.
ಊರಲ್ಲಿ ಉಳಿಯುವುದು ಕರೆಯುವ ಹಸು ನಾಲ್ಕೈದು,
ಒಂದು ಕುರುಡು ಕತ್ತೆ, ಮತ್ತೆ ನಾನು.

ಎದುರಿನ ಗುಡ್ಡ ನೋಡಿ.
ಯಾರೂ ಮುಚ್ಚಲಿಲ್ಲ, ಎಂಟು ವರ್ಷ.
ನಿನ್ನದು ಮೇಯ್ದರೆ ನನ್ನದೂ ಮೇಯಲಿ ಎಂದು
ಕುರಿಗಳು ಬುಡಕ್ಕೇ ಕತ್ತರಿ ಹಾಕಿದವು.
ಈಗ ಅಲ್ಲಿ ಸೆಹಲಹಲ, ಕಹಿಪೊದೆ,
ಮೇಕೆಯೂ ಮೂಸಿ ಮುಖ ತಿರುಗಿಸುವಂಥದು.
ದೂರದವರು ಬಸ್ಸಿನಿಂದ ನೋಡಿ ಅನ್ನುತ್ತಾರೆ:
ಆಹಾ, ಎಷ್ಟು ಹಸಿರು!
ಬೆಳ್ಳಗಿದ್ದದ್ದೆಲ್ಲ ಹಾಲಲ್ಲ,
ಹಸಿರಿದ್ದದ್ದೆಲ್ಲ ಹುಲ್ಲಲ್ಲ.

ಜನವರಿ. ಹುಣ್ಣಿಮೆಗೆ ಎರಡು ದಿನ ಇತ್ತು.
ಕಣ್ಣಿಗಿಂತ ಮೊದಲು ಕಿವಿಗೆ ಬಿತ್ತು:
ಪರಕ್. ಪರಕ್.
ನಾಲಿಗೆ ಸುತ್ತಿ ಹುಲ್ಲು ಕಿತ್ತುಕೊಳ್ಳುವ ಸದ್ದು.
ಟಾರ್ಚು ಬಿಟ್ಟೆ. ಎರಡು ಹಸಿರು ಕಿಡಿ.
ಖುನ್ವಾನಾ.
ನನ್ನ ತಂಗಿ ಲಿನೇಯೊಳ ಕೆಂದಹಸು.
ಇದರ ತಾಯನ್ನು ಕೊಂಡದ್ದು ನಾನು,
ಪರದೇಶದ ಚಿನ್ನದ ಗಣಿಯಲ್ಲಿ
ಹತ್ತೊಂಬತ್ತು ತಿಂಗಳು ಕತ್ತಲು ಅಗೆದು.
ಬೆಳಕಿಗೆ ಒಮ್ಮೆ ತಲೆಯೆತ್ತಿತು,
ಓ, ಮನೆಯವನೇ ತಾನೆ, ಎಂಬಂತೆ
ಮತ್ತೆ ಬಗ್ಗಿತು.

ಬೇಲಿಯೇ ಎದ್ದು ಹೊಲ ಮೇಯಬೇಕಿಲ್ಲ.
ತುಸು ಪಕ್ಕಕ್ಕೆ ಸರಿದು ನಿಂತರೂ ಸಾಕು.
ನಿಂತೆ.
ಸುಳ್ಳೇಕೆ ಹೇಳಲಿ, ಒಂದು ಚಿಲುಮೆ ಸುಟ್ಟು ಮುಗಿಯುವಷ್ಟು ಹೊತ್ತು
ಟಾರ್ಚು ಆರಿಸಿ ನಿಂತೆ.
ಅವಳ ಮನೆಯಲ್ಲಿ ಹಾಲು ಕುಡಿಯುವ ಕೂಸಿದೆ.
ಹಸುವಿನ ಹೊಟ್ಟೆಯೊಳಗೆ ಹುಲ್ಲು ಬೀಳುವುದು ನನಗೆ ಕೇಳಿಸುತ್ತಿತ್ತು.
ಆಮೇಲೆ ಹಗ್ಗ ಹಾಕಿ
ಕೊಂಡವಾಡಕ್ಕೆ ಹೊಡೆದುಕೊಂಡು ಹೋದೆ.
ಹೊಡೆಯುವುದೇನು, ದಾರಿ ತೋರಿಸಿದ್ದು ಅದೇ;
ನನಗಿಂತ ಮುಂದೆ ನಡೆಯಿತು.

ದಂಡ ಕಟ್ಟಲು ಬಂದದ್ದು ಅವಳ ಮಗ ತೆಫೊ.
ನಮ್ಮ ಮಾತಿನಲ್ಲಿ ತೆಫೊ ಎಂದರೆ ಪಾವತಿ.
ಕಾರಕೂನ ರಸೀದಿ ಬರೆಯುತ್ತ ನಕ್ಕ.
ಹುಡುಗ ನಗಲಿಲ್ಲ. ಬಟ್ಟೆಯ ಗಂಟು ಬಿಚ್ಚಿ
ನಾಣ್ಯಗಳನ್ನು ಎರಡು ಸಲ ಎಣಿಸಿದ,
ಒಂದು ಸಲ ಅವನಿಗೆ, ಇನ್ನೊಂದು ಸಲ ನನಗೆ ಕೇಳುವಂತೆ.

ಅಂದಿನಿಂದ ಲಿನೇಯೊ ಮಾತಿಲ್ಲ.
ತಲೆಯ ಮೇಲೆ ನೀರಿನ ಬಕೆಟ್ಟು ಇದ್ದರೆ
ಅಣ್ಣನ ಕಡೆ ತಿರುಗದಿರಲು ಬೇರೆ ನೆಪ ಬೇಡ.

ಜೂನ್ ಎಂದರೆ ನಮಗೆ ಹಿಮ.
ಬಕೆಟ್ಟಿನ ನೀರು ಗಾಜಾದ ಬೆಳಿಗ್ಗೆ
ಕೊಂಬು ಊದಿದರು: ಗುಡ್ಡ ತೆರೆಯಿತು.
ಹಿಂಡುಗಳು ನುಗ್ಗಿದವು, ಮೂತಿಯ ಉಸಿರೆಲ್ಲ ಹೊಗೆ,
ಮೊಣಕಾಲೆತ್ತರ ಒಣಗಿದ ಕೆಂಪುಹುಲ್ಲು,
ಗಲಾಟೆಗೆ ಎರಡು ಗುಪ್ಪೆ ಉರುಳಿಯೇಹೋದವು.
ಖುನ್ವಾನಾ ಮಾತ್ರ ಯಾರನ್ನೂ ನೋಡದೆ
ನೆಟ್ಟಗೆ ನಡೆದು ಒಂದು ಕಡೆ ನಿಂತಿತು.
ಅಲ್ಲಿ ಹುಲ್ಲು ಸುತ್ತಲಿನದಕ್ಕಿಂತ ಒಂದು ಗೇಣು ಗಿಡ್ಡ.
ಒಂದು ಚಾಪೆ ಹಾಸುವಷ್ಟು ಜಾಗ,
ಒಂದು ಚಿಲುಮೆಯಷ್ಟು ಹೊತ್ತು.
ಅದು ನನಗೊಬ್ಬನಿಗೇ ಗೊತ್ತು ಎಂದುಕೊಂಡಿದ್ದೆ.

ಲಿನೇಯೊ ಬಂದು ನಿಂತಳು. ಬಗ್ಗಿ
ಗಿಡ್ಡ ಹುಲ್ಲಿನ ಮೇಲೆ ಅಂಗೈ ಆಡಿಸಿದಳು.
'ಇಲ್ಲಿ ಯಾರೋ ಮೇಯಿಸಿದ್ದಾರೆ' ಎಂದಳು ಮಗನಿಗೆ,
ನನಗೆ ಕೇಳುವಂತೆ.
'ಸಾಕಷ್ಟು ಹೊತ್ತೇ ಮೇಯಿಸಿದ್ದಾರೆ.'

ಹೂಂ, ಅಂದೆ.
ಉರುಳಿದ ಕಲ್ಲು ಪೇರಿಸಲು ಹೋದೆ.
ತೆಫೊ ಬಿಳಿಕಲ್ಲು ಹುಡುಕಿ ತಂದ.